ಶೆಡ್ಡಿನಲ್ಲಿ ಕಲಿತ ಕನ್ನಡ

ಟ್ರೇಯಲ್ಲಿದ್ದ ಆರು ಕಪ್ಪುಗಳಲ್ಲಿ ಒಂದರ ಹಿಡಿಕೆ ಮುರಿದಿತ್ತು. ಅದು ವರನ ಕೈಗೆ ಹೋಗದಿರಲೆಂದು ಅಂಚಿಗೆ ಸರಿಸಿದೆ. ನನ್ನನ್ನು ನೋಡಲು ರಬಕವಿಯಿಂದ ಬಂದವರು ಬನಹಟ್ಟಿಯ ನಮ್ಮ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ನನಗೆ ಆ ಸಂಬಂಧ ಬೇಡವಾಗಿತ್ತು. ಅಪ್ಪನಿಗೆ ಹೇಳುವ ಧೈರ್ಯವಿರಲಿಲ್ಲ. ಅಡುಗೆಮನೆಯಲ್ಲಿ ಜೊತೆಗಿದ್ದ ಅಣ್ಣನ ಹೆಂಡತಿ, ನನ್ನ ವೈನಿಯ ಬಳಿ ಪಿಸುಗುಟ್ಟಿದೆ.

ವೈನಿ ಸೊಲ್ಲಾಪುರದವಳು, ಮನೆಮಾತು ತೆಲುಗು. ಎರಡು ವರ್ಷಗಳಲ್ಲಿ ಅವಳು ಕನ್ನಡ ಕಲಿತದ್ದೆಲ್ಲ ನಮ್ಮ ಪವರ್‌ಲೂಮ್ ಶೆಡ್ಡಿನಲ್ಲಿ, ಓಡುವ ಮಗ್ಗಗಳ ಗದ್ದಲದ ನಡುವೆ. ತೆಲುಗಿನಲ್ಲಿ ಮೆತ್ತಗೆ ಮಾತಾಡುವ ಅವಳಿಗೆ ಕನ್ನಡವೆಂದರೆ ಕೂಗಿ ಆಡುವ ಭಾಷೆ. ಗುಟ್ಟಿನ ಮಾತಾದ್ದರಿಂದ ನನ್ನ ಕಿವಿಗೆ ಬಾಯಿಟ್ಟು ಕೂಗಿದಳು.

“ಬ್ಯಾಡಾದ್ರ ಬ್ಯಾಡ ಅಂತ ಹೇಳಿಬಿಡಬೇ! ಹೆದರಬ್ಯಾಡ!”

ಪಡಸಾಲೆಯಲ್ಲಿ ಚಮಚಗಳ ಸದ್ದು ನಿಂತಿತು. ಅಪ್ಪ ಕೆಮ್ಮಿದರು. ವರನ ತಾಯಿಯೂ ಮಗ್ಗದ ಮನೆಯವರೇ. ಕೂತಲ್ಲಿಂದಲೇ ಅಷ್ಟೇ ದೊಡ್ಡ ದನಿಯಲ್ಲಿ ಉತ್ತರ ಕೊಟ್ಟರು.

“ಬ್ಯಾಡಾದ್ರ ಬಿಡಬೇ ಯವ್ವಾ! ಚಾ ಆದ್ರೂ ತಾ!”

ವೈನಿ ಗಾಬರಿಯಾಗಿ ಮತ್ತೆ ನನ್ನ ಕಿವಿಗೆ ಬಗ್ಗಿದಳು.

“ಅವರಿಗೆ ಹೆಂಗ ಗೊತ್ತಾತು?”

ಇದೂ ಪಡಸಾಲೆಗೆ ಕೇಳಿಸಿತು.

ನಾನು ಚಹಾ ಒಯ್ದೆ. ಗಡಿಬಿಡಿಯಲ್ಲಿ ಹಿಡಿಕೆಯಿಲ್ಲದ ಕಪ್ಪು ವರನ ಕೈಗೇ ಹೋಯಿತು. ಅವನು ಅದನ್ನು ಬೊಗಸೆಯಲ್ಲಿ ಹಿಡಿದು, ತಲೆ ಎತ್ತದೆ, ಪೂರ್ತಿ ಕುಡಿದ. ಅವರು ಹೋದ ಮೇಲೆ ಅಪ್ಪ ಆ ಸಂಬಂಧದ ಮಾತನ್ನೇ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮಗ್ಗಗಳು ಶುರುವಾದ ಮೇಲೆ ಶೆಡ್ಡಿಗೆ ಹೋದೆ. ವೈನಿಯ ಕಿವಿಗೆ ಬಾಯಿಟ್ಟು, ಗಂಟಲು ಹರಿಯುವಂತೆ, “ಭಾಳ ಛಲೋ ಆತು, ವೈನಿ!” ಎಂದು ಕೂಗಿದೆ.