ಹೊಲದ ಬದುವಿನ ಮೇಲೆ ಇಳಿಸಿದ ಶಿಲುಬೆ

ಮೊದಲೇ ಹೇಳಿಬಿಡುತ್ತೇನೆ, ನಾನು ಪವಾಡಗಳನ್ನು ಸುಲಭಕ್ಕೆ ನಂಬುವವನಲ್ಲ. ಪಾದ್ರಿಯೊಬ್ಬ ಹೀಗೆ ಹೇಳಿದರೆ ಕೆಲವರಿಗೆ ಹಿಡಿಸುವುದಿಲ್ಲ. ಆದರೆ ಆಗಾಗ ಯಾರಾದರೂ ಏದುಸಿರು ಬಿಡುತ್ತಾ ಓಡಿಬಂದು, ಮಾತೆಯ ಪ್ರತಿಮೆಯ ಕಣ್ಣಲ್ಲಿ ನೀರು ಬರುತ್ತಿದೆ ಎನ್ನುತ್ತಾರೆ. ಮೇಲೆ ಹೆಂಚು ಒಡೆದಿದೆಯೇ ನೋಡಿದಿರಾ ಎಂದು ನಾನು ಮೊದಲು ಕೇಳುತ್ತೇನೆ. ಹೆಚ್ಚಿನ ಸಲ ಒಡೆದೇ ಇರುತ್ತದೆ.

ನಮ್ಮ ಸೀಮೆಯಲ್ಲಿ ಇನ್ನೊಂದು ಕಥೆಯನ್ನು ಊರೂರಲ್ಲೂ ಹೇಳುತ್ತಾರೆ. ದೇವರನ್ನು ಹೊತ್ತು ಹೋಗುವಾಗ ದಣಿವಾಗಿ ಒಂದು ಕಡೆ ಇಳಿಸಿದರಂತೆ, ಆಮೇಲೆ ಎಷ್ಟು ಜನ ಕೈಹಾಕಿದರೂ ಏಳಲಿಲ್ಲವಂತೆ, ಕೊನೆಗೆ ಅಲ್ಲೇ ಗುಡಿ ಕಟ್ಟಿದರಂತೆ. ಕೇಳಿದಾಗಲೆಲ್ಲ ಒಳಗೊಳಗೇ ನಗುತ್ತಿದ್ದೆ. ಸೋತದ್ದು ಹೊತ್ತವರ ಕಾಲು, ಹೆಸರು ಮಾತ್ರ ದೇವರದ್ದು ಎಂದುಕೊಳ್ಳುತ್ತಿದ್ದೆ. ಈಗ ನಗು ಬರುವುದಿಲ್ಲ. ಯಾಕೆ ಎಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾನಿರುವುದು ಅರಸೀಕೆರೆಯಲ್ಲಿ. ಬೇಲೂರು ಕಡೆ ಚದುರಿಹೋಗಿರುವ ಕೆಲವು ಕ್ರೈಸ್ತ ಕುಟುಂಬಗಳನ್ನೂ ನಾನೇ ನೋಡಿಕೊಳ್ಳಬೇಕು. ಅವರಿಗೆ ಚರ್ಚ್ ಇಲ್ಲ. ಪಂಪ್‌ಸೆಟ್ ರಿಪೇರಿ ಅಂಗಡಿಯೊಂದರ ಮೇಲಿನ ಬಾಡಿಗೆ ಕೊಠಡಿಯಲ್ಲಿ ಪೂಜೆ ನಡೆಯುತ್ತದೆ. ನಾನು ಮೇಲೆ ಪ್ರಸಾದದ ರೊಟ್ಟಿ ಎತ್ತಿ ಹಿಡಿಯುವ ಹೊತ್ತಿಗೇ ಕೆಳಗೆ ಯಾವುದೋ ಮೋಟಾರು ಗುರ್ ಎನ್ನುತ್ತದೆ. ಅದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೆವು. ಆದರೆ ಲೂರ್ದಮ್ಮ ಎಂಬ ಮುದುಕಿ ತೀರಿಕೊಂಡ ದಿನ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ತಿರುಗಲೇ ಇಲ್ಲ. ಕಡೆಯ ಪೂಜೆಯನ್ನು ಬೀದಿಯಲ್ಲಿ, ನಿಲ್ಲಿಸಿದ್ದ ಟೆಂಪೋಗಳ ನಡುವೆ ಮಾಡಿದೆ. ಆಕೆಯ ಮಗಳು ನನ್ನ ಮುಖ ನೋಡದೆ ಕಾಫಿ ಲೋಟ ಕೈಗಿಟ್ಟಳು. ಇವರಿಗೊಂದು ಚರ್ಚ್ ಕಟ್ಟದೆ ಬಿಡುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡೆ.

ಬೇಲೂರಿನ ಹತ್ತಿರ ರಸ್ತೆ ಬದಿಯಲ್ಲಿ ಒಂದು ಜಾಗ ನೋಡಿದ್ದೆವು. ಮಾಲೀಕರು ಕೊಡುವ ಮನಸ್ಸು ಮಾಡಿದ್ದರು, ಅಕ್ಕಪಕ್ಕದವರಿಗೆ ಮಾತ್ರ ಅನುಮಾನವಿತ್ತು. ಇವರು ಬಂದು ಏನು ಮಾಡುತ್ತಾರೋ ಎಂಬ ಮಾತು ಈಗಿನ ಕಾಲದಲ್ಲಿ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ನಮ್ಮ ಬಿಷಪರು ಕಡ್ಡಿ ಮುರಿದಂತೆ ಹೇಳಿದ್ದರು, "ಸಣ್ಣ ಗಲಾಟೆ ಆಯಿತೋ, ಚರ್ಚಿನ ಮಾತು ಅಲ್ಲಿಗೇ ಬಿಡಿ." ಆ ಮಾತು ನನ್ನ ತಲೆಯಲ್ಲೇ ಕೂತಿತ್ತು.

ಆ ವರ್ಷದ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ಅರಸೀಕೆರೆಯಿಂದ ಆ ಜಾಗದವರೆಗೆ ಶಿಲುಬೆ ಹೊತ್ತು ಪಾದಯಾತ್ರೆ ಹೊರಟೆವು. ರೈಲ್ವೆಯಿಂದ ನಿವೃತ್ತರಾದ ರಾಯಪ್ಪ ಅದನ್ನು ಕಾಫಿ ತೋಟದ ಸಿಲ್ವರ್ ಓಕ್ ಮರದಲ್ಲಿ ತಮ್ಮ ಕೈಯಾರೆ ಮಾಡಿದ್ದರು. ನೋಡಲು ದೊಡ್ಡದಾಗಿದ್ದರೂ ಹಗುರ, ಒಬ್ಬನೇ ಆರಾಮಾಗಿ ಹೊರಬಹುದು. ನಮ್ಮವರಲ್ಲಿ ಒಂದು ಕಟ್ಟುಪಾಡಿದೆ. ಹೊರಟ ಶಿಲುಬೆಯನ್ನು ಮುಟ್ಟಬೇಕಾದ ಜಾಗ ಮುಟ್ಟುವವರೆಗೆ ನೆಲಕ್ಕೆ ಮಲಗಿಸಬಾರದು. ಹೆಗಲಿನಿಂದ ಹೆಗಲಿಗೆ ಹೋಗಬೇಕು, ರಾತ್ರಿ ತಂಗಿದಲ್ಲಿ ಗೋಡೆಗೆ ನಿಲ್ಲಿಸಬೇಕು. ಇದು ಯಾವ ಗ್ರಂಥದಲ್ಲೂ ಇಲ್ಲ. ನನಗೆ ಅಷ್ಟೇನೂ ಲಕ್ಷ್ಯವಿರಲಿಲ್ಲ.

ಹಾರನಹಳ್ಳಿ ದಾಟಿ, ಹಳೇಬೀಡಿನಲ್ಲಿ ತಂಗಿ, ಮರುದಿನ ಬೇಲೂರಿನ ಕಡೆ ಹೊರಟೆವು. ಟಾರು ರಸ್ತೆಯಲ್ಲಿ ಪ್ರವಾಸಿಗಳ ವಾಹನಗಳ ಕಾಟ ತಪ್ಪಿಸಲು ಹೊಲಗಳ ನಡುವಿನ ದಾರಿ ಹಿಡಿದಿದ್ದೆವು. ನಡುಮಧ್ಯಾಹ್ನ ಶಿಲುಬೆ ನನ್ನ ಹೆಗಲ ಮೇಲಿತ್ತು. ರಾಗಿ ಕೊಯ್ದ ಹೊಲದ ಅಂಚಿನ ಹೊಂಗೆ ಮರದಡಿ ಒಬ್ಬ ಅಜ್ಜಿ ಕೂತಿದ್ದರು. ನಮ್ಮನ್ನು ನೋಡಿ ಅವರೇ ಎದ್ದುಬಂದು, "ಬಿಸ್ಲಾಗೆ ಎಲ್ಲಿಗ್ರಪ್ಪ? ಒಂದೀಟು ಮಜ್ಜಿಗೆ ಕುಡೀರಿ" ಎಂದು ಚೊಂಬು ಚಾಚಿದರು. ಹಿರಿಯರು ಕೊಟ್ಟದ್ದನ್ನು ಒಂದೇ ಕೈಯಲ್ಲಿ ಹೇಗೆ ತೆಗೆದುಕೊಳ್ಳುವುದು? ನಾನು ಶಿಲುಬೆಯನ್ನು ಬದುವಿನ ಮೇಲೆ ಮಲಗಿಸಿ ಎರಡೂ ಕೈ ಒಡ್ಡಿದೆ.

"ಸ್ವಾಮಿ, ಕೆಳಗಿಡಬ್ಯಾಡಿ!" ಎಂದು ರಾಯಪ್ಪ ಹಿಂದಿನಿಂದ ಕೂಗಿದರು. ಅಷ್ಟರಲ್ಲಿ ಇಟ್ಟಾಗಿತ್ತು. ಮರಕ್ಕೂ ಸ್ವಲ್ಪ ದಣಿವಾರಲಿ ಬಿಡಿ ಎಂದು ನಕ್ಕೆ. ಅವರು ನಗಲಿಲ್ಲ.

ಮಜ್ಜಿಗೆ ಕುಡಿದು ಬಗ್ಗಿ ಎತ್ತಲು ಹೋದೆ. ಏಳಲಿಲ್ಲ. ಕೈ ಬೆವೆತಿರಬೇಕು ಎಂದುಕೊಂಡು ಪಂಚೆಗೆ ಒರೆಸಿ ಮತ್ತೆ ಹಿಡಿದೆ. ಊಹೂಂ. ರಾಯಪ್ಪ ಒಂದು ತುದಿ ಹಿಡಿದರು, ಇನ್ನಿಬ್ಬರು ಬಂದರು. ನಾಲ್ಕು ಜನ ಒಟ್ಟಿಗೆ ಉಸಿರು ಕಟ್ಟಿ ಎತ್ತಿದರೂ ಅದು ಬದುವಿಗೆ ಬೇರು ಬಿಟ್ಟಂತೆ ಕೂತಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಹೆಂಗಸರು ಮೆಲ್ಲಗೆ ಜಪ ಶುರುಮಾಡಿದರು. ನನಗೆ ಬಂದದ್ದು ಭಕ್ತಿಯಲ್ಲ, ಸಿಟ್ಟು.

ಆ ಹೊತ್ತಿಗೆ ಅಜ್ಜಿಯ ಮಗ ತೆಂಗಿನ ಸಸಿಗಳ ಕಡೆಯಿಂದ ದಾಪುಗಾಲು ಹಾಕುತ್ತಾ ಬಂದರು. ಪುಟ್ಟೇಗೌಡರೆಂದು ಕರೆಯೋಣ, ಅದು ಅವರ ಹೆಸರಲ್ಲ. ಕೈಯಲ್ಲಿ ಮಚ್ಚಿತ್ತು. ಕೆಲಸಕ್ಕೆ ಹಿಡಿದದ್ದೇ ಇರಬಹುದು, ಆದರೂ ನಾನು ನಮ್ಮ ಹೆಂಗಸರ ಮುಂದೆ ಹೋಗಿ ನಿಂತೆ.

"ಏನ್ರೀ ಇದು? ಇವತ್ತು ಮರ ಮಲಗಿಸ್ತೀರಿ, ನಾಳೆ ಸುತ್ತ ಕಲ್ಲು ಕಟ್ತೀರಿ, ನಾಡಿದ್ದು ಹೊಲವೇ ನಮ್ದು ಅಂತೀರಿ. ಎತ್ರೀ ಮೊದ್ಲು!"

"ಎತ್ತುತ್ತೇವೆ ಯಜಮಾನ್ರೇ, ಮಜ್ಜಿಗೆ ಕುಡಿಯೋಕೆ ನಿಂತಿದ್ವಿ ಅಷ್ಟೇ" ಎಂದೆ. ಮತ್ತೆ ಎತ್ತಿದೆವು. ಅದು ಅಲುಗಲಿಲ್ಲ.

"ನಾಟಕ ಆಡ್ತೀರಾ?" ಎಂದು ಅವರು ಕೂಗಿದ್ದಕ್ಕೆ ದಾರಿಯಲ್ಲಿ ಬೈಕೊಂದು ನಿಂತಿತು. ಹಿಂದೆ ಕೂತಿದ್ದವನು ಮೊಬೈಲ್ ಹೊರತೆಗೆದ. ಆ ವಿಡಿಯೋ ಸಂಜೆಯೊಳಗೆ ಎಲ್ಲೆಲ್ಲಿ ಹೋಗಬಹುದು, ನಾಳೆ ಬಿಷಪರು ಏನನ್ನಬಹುದು ಎಲ್ಲ ಕಣ್ಣಮುಂದೆ ಬಂತು. ದೇವರೇ, ಪವಾಡ ಬೇಡ, ಇದೊಂದು ಎದ್ದುಬಿಡಲಿ ಎಂದು ಬೇಡಿಕೊಂಡೆ. ಅಷ್ಟು ಪ್ರಾಮಾಣಿಕವಾಗಿ ನಾನು ಯಾವತ್ತೂ ಪ್ರಾರ್ಥಿಸಿರಲಿಲ್ಲ.

ಗೌಡರು ಮಚ್ಚು ಬಿಸಾಕಿ, ನಮ್ಮನ್ನು ಪಕ್ಕಕ್ಕೆ ತಳ್ಳಿ, ತಾವೇ ಶಿಲುಬೆಗೆ ಕೈಹಾಕಿದರು. ಎತ್ತಿ ದಾರಿಗೆ ಎಸೆಯುತ್ತಾರೆಂದು ನಾನು ಹಿಂದೆ ಸರಿದೆ. ಆದರೆ ಬಗ್ಗಿದವರು ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ನೆಟ್ಟಗೆ ನಿಂತು, "ನಿಮ್ಮ ಸಾಮಾನು, ನಾನ್ಯಾಕೆ ಮುಟ್ಲಿ" ಎಂದು ಕೈ ಕೊಡವಿಕೊಂಡರು. ಅವರ ದನಿ ಇಳಿದಿತ್ತು. ಅವರು ನಿಜವಾಗಿ ಎತ್ತಿ ನೋಡಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಆಗ ಅಜ್ಜಿ ಮಗನಿಗೆ ಗದರಿದರು. "ಏನ್ಲಾ, ಬಂದೋರ್ನ ಹಿಂಗಾ ಕಳ್ಸೋದು? ಕಾಲಿಗೆ ನೀರು ಕೊಡ್ಲಿಲ್ಲ, ಕೂತ್ಕ ಅನ್ನಲಿಲ್ಲ. ಅದಕ್ಕೆ ಬ್ಯಾಸರ ಆಗೈತೆ." ಬಿಂದಿಗೆಯ ನೀರು ತಂದು ಶಿಲುಬೆಯ ಬುಡಕ್ಕೆ ಹುಯ್ದರು, ಮನೆಗೆ ಬಂದ ನೆಂಟರ ಕಾಲಿಗೆ ಹುಯ್ಯುವಂತೆ. ಆಮೇಲೆ ಸೆರಗು ಸರಿಮಾಡಿಕೊಂಡು ಕೈಮುಗಿದು, "ಹೋಗ್ಬುಟ್ ಬಾರಪ್ಪ ತಂದೆ. ಇನ್ನೊಂದ್ಸಲ ನಮ್ಮನೆಗೇ ಬರೂವಂತೆ" ಎಂದರು.

ರಾಯಪ್ಪ ಬಗ್ಗಿದರು. ಶಿಲುಬೆ ಎದ್ದಿತು. ಅವರೊಬ್ಬರೇ ಅದನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನೋಡದೆ ನಡೆದರು. ಬೈಕಿನವನು ಏನೂ ಸಿಗಲಿಲ್ಲವೆಂಬಂತೆ ಮೊಬೈಲ್ ಜೇಬಿಗಿಟ್ಟ.

ನಮ್ಮವರೆಲ್ಲ ಚರ್ಚ್ ಶಿಲುಬೆ ಏಳದೆ ಕೂತ ಆ ಹೊಲದಲ್ಲೇ ಆಗಬೇಕು ಎಂದು ಹಟ ಹಿಡಿದರು. ಬಿಸಿಲಿಗೆ ನಮ್ಮ ಕೈ ಸೋತಿತ್ತು ಅಷ್ಟೇ, ಬಾಯಿ ಮುಚ್ಚಿಕೊಂಡಿರಿ ಎಂದು ಗದರಿಸಿದೆ. ಆದರೆ ಮರುವಾರ ಸ್ಕೂಟರಿನಲ್ಲಿ ಒಬ್ಬನೇ ಹೋಗಿ ಆ ಬದುವನ್ನು ಕೈಯಿಂದ ತಡವಿ ನೋಡಿದೆ. ಸಿಕ್ಕಿಕೊಳ್ಳಲು ಬೇರಿರಲಿಲ್ಲ, ಕಲ್ಲಿರಲಿಲ್ಲ, ಬರೀ ಸಡಿಲ ಕೆಂಪು ಮಣ್ಣು. ಒಬ್ಬನ ಕೈ ಸೋಲಬಹುದು, ನಾಲ್ವರ ಕೈ ಒಟ್ಟಿಗೆ ಸೋಲುತ್ತದೆಯೇ?

ರಸ್ತೆ ಬದಿಯ ಜಾಗ ಯಾವ ಗಲಾಟೆಯೂ ಇಲ್ಲದೆ ತಪ್ಪಿಹೋಯಿತು. ಮಾಲೀಕರು ಮನಸ್ಸು ಬದಲಿಸಿದರು, ಅಷ್ಟೇ. ನಾವು ಇನ್ನೂ ಪಂಪ್‌ಸೆಟ್ ಅಂಗಡಿಯ ಮೇಲೆಯೇ ಇದ್ದೇವೆ.

ಹೋದ ವರ್ಷ ಕೊಬ್ಬರಿ ಮಾರಲು ಅರಸೀಕೆರೆಗೆ ಬಂದಿದ್ದ ಪುಟ್ಟೇಗೌಡರು ನನ್ನ ಮನೆ ಹುಡುಕಿಕೊಂಡು ಬಂದರು. ಕುರ್ಚಿಯ ಅಂಚಿನಲ್ಲಿ ಕೂತರು.

"ಅವತ್ತು ನಾನೂ ಎತ್ದೆ ಸ್ವಾಮೇರೆ. ಇದ್ದಬದ್ದ ಶಕ್ತಿಯೆಲ್ಲ ಹಾಕ್ದೆ. ಏಳ್ಲಿಲ್ಲ. ಮನೇಲೂ ಯಾರಿಗೂ ಹೇಳಿಲ್ಲ" ಎಂದರು. ಆಮೇಲೆ, "ಅವ್ವ ಹೋಗ್ಬಿಡ್ತು. ಮಲಗಿದ್ದಾಗ ದಿನಾ ಕೇಳ್ತಿತ್ತು, ಹೋಗ್ಬುಟ್ ಬಾ ಅಂತ ಕಳ್ಸಿದ್ ಆ ತಂದೆ ಬರ್ನೇ ಇಲ್ವಲ್ಲಾ ಅಂತ. ಜಾಗ ಮಾತ್ರ ಕೇಳ್ಬ್ಯಾಡಿ. ಸುದ್ದಿ ಆದ್ರೆ ಹೊಲ ನನ್ ಕೈಲಿ ಉಳಿಯಲ್ಲ. ಆದ್ರೆ ಒಂದ್ಸಲ ಅದನ್ನ ಹೊತ್ಕೊಂಡು ಆ ಕಡೆಯಿಂದ ಹೋಗಿ. ಅವ್ವ ಕರೆದ ಮಾತು ಹಂಗೇ ನಿಂತದೆ" ಎಂದರು.

ಈ ಸಂಗತಿಯನ್ನು ನಾನು ಪೂಜೆಯಲ್ಲಿ ಒಂದು ಸಲ ಹೇಳಿದರೆ ಸಾಕು, ಜನ ಬಸ್ಸು ಮಾಡಿಕೊಂಡು ಬರುತ್ತಾರೆ. ಲೂರ್ದಮ್ಮನಂಥವರ ಪೆಟ್ಟಿಗೆ ನೆಟ್ಟಗೆ ಒಳಗೆ ಹೋಗುವಷ್ಟು ಅಗಲದ ಬಾಗಿಲಿರುವ ಚರ್ಚ್ ಆಗುತ್ತದೆ. ಗೌಡರ ಹೊಲ ಹೋಗುತ್ತದೆ. ಅದಕ್ಕೇ ಇಲ್ಲಿ ಆ ಹೊಲವಿರುವ ಊರಿನ ಹೆಸರು ಬರೆದಿಲ್ಲ. ದೇವರು ತೋರಿಸಿದ ಜಾಗವನ್ನು ನಾನೇ ಕೈಬಿಟ್ಟೆನೋ, ಅಥವಾ ಅಲ್ಲಿ ತೋರಿಸಿದ್ದು ಜಾಗವನ್ನಲ್ಲ, ಆ ಅಜ್ಜಿಯನ್ನೋ, ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ.

ಶಿಲುಬೆ ನನ್ನ ಕೋಣೆಯ ಗೋಡೆಗೆ ನಿಂತಿದೆ. ದಿನಾ ಬೆಳಿಗ್ಗೆ ಒಮ್ಮೆ ಎತ್ತಿ ನೋಡುತ್ತೇನೆ, ಒಂದೇ ಕೈಯಲ್ಲಿ ಏಳುತ್ತದೆ. ತಪಸ್ಸು ಕಾಲ ಮತ್ತೆ ಹತ್ತಿರ ಬಂದಿದೆ. ನಿನ್ನೆ ರಾಯಪ್ಪ ಬಂದು, "ಈ ಸಲ ಯಾವ ದಾರಿ ಸ್ವಾಮಿ, ಟಾರು ರಸ್ತೆನೋ ಹೊಲದ ದಾರಿನೋ?" ಎಂದು ಕೇಳಿದರು.