ಕಹಳೆಯಕ್ಕ ಸುಮ್ಮನಿದ್ದ ದಿನ

ವಿಶ್ವವಿದ್ಯಾಲಯದ ಕ್ರೀಡಾ ವಿಜ್ಞಾನ ವಿಭಾಗದಲ್ಲಿ ಅವಳ ಹುದ್ದೆ ಲ್ಯಾಬ್ ಟೆಕ್ನಿಷಿಯನ್. ಓಟಗಾರರ ಬಾಯಲ್ಲಿ ಮಾತ್ರ ಅವಳು ಕಹಳೆಯಕ್ಕ. ಆ ಗಂಟಲಿಗೆ ಆ ಹೆಸರು ಹೇಳಿ ಮಾಡಿಸಿದಂತಿತ್ತು. ನೆಲಮಹಡಿಯ ಲ್ಯಾಬಿನಲ್ಲಿ ಅವಳು ಕೂಗಿದರೆ ಮೇಲಿನ ತರಗತಿಗಳಲ್ಲಿ ಪಾಠ ನಿಂತುಹೋಗುತ್ತಿತ್ತು. ಮೇಷ್ಟ್ರುಗಳು ಬಂದು ದೂರಿದರೆ ಅದನ್ನೂ ಹೊಗಳಿಕೆಯೆಂದೇ ಜೇಬಿಗೆ ಹಾಕಿಕೊಳ್ಳುವ ಹೆಂಗಸು ಅವಳು.

ಕೂಗುವುದು ಅವಳ ಚಾಳಿಯಲ್ಲ, ಕೆಲಸ. ಟ್ರೆಡ್‌ಮಿಲ್ ಮೇಲೆ ಓಡುವವರ ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಬಿಗಿದು, ಉಸಿರನ್ನು ಕೊಳವೆಯಲ್ಲಿ ಯಂತ್ರಕ್ಕೆ ಹರಿಸಿ, ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಎಂದು ಅಳೆಯುವ ಪರೀಕ್ಷೆ ಅದು. ವೇಗ ಏರುತ್ತಲೇ ಹೋಗುತ್ತದೆ. ಇನ್ನು ಆಗದು ಅನ್ನಿಸಿದವರು ಪಕ್ಕದ ಕಂಬಿ ಹಿಡಿದರೆ ಅಲ್ಲಿಗೆ ಮುಗಿಯಿತು. ಮನಸ್ಸೋ, ಕಾಲು ಸೋಲುವುದಕ್ಕೆ ಮೊದಲೇ ಕಂಬಿಯತ್ತ ಕೈಚಾಚುವ ಕಳ್ಳ. ಅದಕ್ಕೇ ಪ್ರೊಫೆಸರ್ ಮೇಡಂ ಒಂದು ನಿಯಮ ಮಾಡಿದ್ದರು: ಕೊನೆಯ ಹಂತದಲ್ಲಿ ಎಲ್ಲರನ್ನೂ ಹುರಿದುಂಬಿಸಬೇಕು, ಎಲ್ಲರಿಗೂ ಒಂದೇ ಮಾತು, ಒಂದೇ ದನಿ. “ಬಿಡಬೇಡ! ಉಸಿರಿದೆ, ಕಾಲಿದೆ, ಓಡು!” ಮುಖ ಮೂತಿ ನೋಡದೆ, ಗೆದ್ದು ಬಂದವರಿಗೂ ಹೊಸಬರಿಗೂ ಕಹಳೆಯಕ್ಕ ಇದನ್ನೇ ಮೊಳಗಿಸುತ್ತಿದ್ದಳು.

ಆ ವಾರ ಓಟದ ತಂಡಕ್ಕೆ ಆಯ್ಕೆ ನಡೆದಿತ್ತು. ಉಳಿದಿದ್ದ ಒಂದೇ ಜಾಗಕ್ಕೆ ಬಂದವಳು ಕಹಳೆಯಕ್ಕನ ಅಣ್ಣನ ಮಗಳು. ಕಡ್ಡಿಕಾಲಿನ ಆ ಹುಡುಗಿಯನ್ನು ಮನೆಯಲ್ಲಿ ಕರೆಯುತ್ತಿದ್ದುದು ಮಿಡತೆ ಅಂತ. ಓಟವೆಂದರೆ ಅವಳಿಗೆ ಪ್ರಾಣ. ಮೈದಾನದಲ್ಲಿ ಕೋಚ್ ಅವಳನ್ನು ಮೆಚ್ಚಿದ್ದರು. ಆದರೆ ಲ್ಯಾಬಿನಲ್ಲಿ ಅವರು ಹೇಳಿದ ಮಟ್ಟ ಮುಟ್ಟಿದರಷ್ಟೇ ಜಾಗ ಗಟ್ಟಿ.

“ಮೇಡಂ, ಇವಳು ನನ್ನ ಅಣ್ಣನ ಮಗಳು. ಆಮೇಲೆ ಗೊತ್ತಾಯ್ತು ಅನ್ನಬೇಡಿ,” ಎಂದು ಕಹಳೆಯಕ್ಕ ಮೊದಲೇ ಹೇಳಿದ್ದಳು.

“ಹೇಳಿದ್ದು ಒಳ್ಳೇದಾಯ್ತು. ಎಲ್ಲರಿಗೂ ಮಾಡೋ ಹಾಗೇ ಮಾಡಿ,” ಅಂದರು ಮೇಡಂ.

ಮಿಡತೆ ಓಡತೊಡಗಿದಳು. ಎದೆಗೆ ಕಟ್ಟಿದ ಪಟ್ಟಿ ಬಡಿತ ಎಣಿಸುತ್ತಿತ್ತು, ಪರದೆಯ ಮೇಲೆ ಗೆರೆ ಏರುತ್ತಿತ್ತು. ಕೊನೆಯ ಹಂತ ಬಂತು. ಕಹಳೆಯಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಗೋಡೆಗೊರಗಿ ನಿಂತಿದ್ದ ಕೋಚ್ ಕಣ್ಣಿಗೆ ಬಿದ್ದರು. ಈಗ ಕೂಗಿದರೆ ಅತ್ತೆಯೇ ಓಡಿಸಿದಳು ಅನ್ನುವುದಿಲ್ಲವೇ? ತನ್ನ ಗಂಟಲು ತನಗೇ ಮೋಸ ಮಾಡಿ ಒಂದು ಪಟ್ಟು ಹೆಚ್ಚೇ ಕೂಗಿಬಿಟ್ಟರೆ? ಜನ್ಮದಲ್ಲಿ ಮೊದಲ ಸಲ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಹುಡುಗಿ ಓಡುತ್ತಲೇ ಒಮ್ಮೆ ಅವಳ ಕಡೆ ನೋಡಿದಳು. ಅತ್ತೆ ಪರದೆ ನೋಡುತ್ತಿದ್ದಳು. ಹುಡುಗಿ ಕಂಬಿ ಹಿಡಿದಳು.

“ದಮ್ ಸಾಲದು. ಈ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ,” ಎಂದರು ಕೋಚ್. ಎಷ್ಟು ದಣಿದಿದ್ದಾಳೆಂದು ಅಳೆಯಲು ಕಹಳೆಯಕ್ಕ ಹುಡುಗಿಯ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದಳು. ಮಿಡತೆ ಮುಖ ಒರೆಸಿಕೊಂಡು ಯಾರನ್ನೂ ನೋಡದೆ ಹೊರಗೆ ಹೋದಳು.

ಬಾಯಿ ಬಿಟ್ಟರೆ ಇಷ್ಟು ವರ್ಷ ಕಹಳೆಯಕ್ಕ ಕಾಪಾಡಿಕೊಂಡ ಹೆಸರಿಗೆ ಮಸಿ, ಸುಮ್ಮನಿದ್ದರೆ ಹುಡುಗಿಯ ಬಾಳಿಗೆ. ಆದರೆ ಹೆದರಿ ಕೂರುವ ಜಾಯಮಾನ ಅವಳದಲ್ಲ.

“ಮೇಡಂ, ಈ ಪರೀಕ್ಷೆ ಲೆಕ್ಕಕ್ಕಿಲ್ಲ. ನಾನು ಕೂಗಲಿಲ್ಲ.”

ಕೋಚ್ ನಕ್ಕರು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!”

“ನೆಲ ಡೊಂಕು ಮಾಡಿದ್ದು ನಾನು ಸಾರ್. ಕುಣಿಯೋಕೆ ಬಂದವಳ ಮೇಲೆ ಯಾಕೆ ಹಾಕ್ತೀರಿ?”

ಮೇಡಂ ಪರದೆಯತ್ತ ಬಾಗಿ ಅಂಕಿಗಳನ್ನು ನೋಡಿದರು, ರಕ್ತದ ಫಲಿತಾಂಶವನ್ನೂ ನೋಡಿದರು. “ಹೌದು, ಹುಡುಗಿ ಪೂರ್ತಿ ದಣಿದೇ ಇಲ್ಲ. ಎದೆಬಡಿತ ಇನ್ನೂ ಏರಬೇಕಿತ್ತು.” ಆಮೇಲೆ ಕನ್ನಡಕ ತೆಗೆದು ಕಹಳೆಯಕ್ಕನನ್ನು ದಿಟ್ಟಿಸಿದರು. “ನಮ್ಮವರು ಅಂತ ಹೆಚ್ಚು ಕೊಡೋದು ತಪ್ಪು. ನಮ್ಮವರು ಅಂತ ಕಡಿಮೆ ಕೊಡೋದೂ ತಪ್ಪೇ ಕಣಮ್ಮ. ಎರಡು ದಿನ ಬಿಟ್ಟು ಮತ್ತೆ ಮಾಡೋಣ. ನಾನೂ ನಿಂತಿರ್ತೀನಿ, ಕೋಚೂ ಇರಲಿ. ಕೂಗೋದು ಮಾತ್ರ ನೀವೇ.”

ಎರಡನೆಯ ಸಲ ಕಹಳೆಯಕ್ಕ ಕೋಚ್ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಯ ಹಂತ ಬಂದದ್ದೇ ತಡ, ಸೊಂಟಕ್ಕೆ ಕೈಕೊಟ್ಟು ಶುರುಮಾಡಿದಳು. “ಬಿಡಬೇಡ! ಉಸಿರಿದೆ, ಕಾಲಿದೆ, ಓಡು!” ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮಿಡತೆಯ ಕೈ ಕಂಬಿಯ ಹತ್ತಿರ ಹೋಯಿತು, ಹಿಂದೆ ಬಂತು. ಇನ್ನೊಮ್ಮೆ ಹೋಯಿತು, ಮತ್ತೆ ಬಂತು. ಕೊನೆಗೆ ಅವಳು ಕಂಬಿ ಹಿಡಿದಾಗ ಪರದೆಯ ಗೆರೆ ಕೋಚ್ ಹೇಳಿದ ಮಟ್ಟವನ್ನು ದಾಟಿ ನಿಂತಿತ್ತು.

“ಸೋಮವಾರ ಬೆಳಗ್ಗೆ ಮೈದಾನಕ್ಕೆ ಬಾ. ಲೇಟಾದ್ರೆ ಒಳಗೆ ಸೇರಿಸಲ್ಲ,” ಎಂದರು ಕೋಚ್. ಅವರ ಬಾಯಲ್ಲಿ ಅದೇ ದೊಡ್ಡ ಸನ್ಮಾನ.

ಎಲ್ಲರೂ ಹೋದ ಮೇಲೆ ಕಹಳೆಯಕ್ಕ ಮಿಡತೆಯ ಎದೆಗೆ ಕಟ್ಟಿದ್ದ ಪಟ್ಟಿ ಬಿಚ್ಚಿದಳು. ಹುಡುಗಿ ಏದುಸಿರು ಬಿಡುತ್ತಲೇ ಕೇಳಿದಳು, “ಅತ್ತೆ, ಅವತ್ತು ನೀವು ಯಾಕೆ ಸುಮ್ಮನಿದ್ರಿ? ಇವಳ ಕೈಲಿ ಆಗಲ್ಲ ಅಂತ ನಿಮಗೆ ಗೊತ್ತಾಗಿಬಿಟ್ಟಿದೆ ಅನ್ಕೊಂಡೆ. ಅದಕ್ಕೇ ನಿಂತುಬಿಟ್ಟೆ.”

ಕಹಳೆಯಕ್ಕ ಬೆವರಲ್ಲಿ ಮಿಂದಿದ್ದ ಹುಡುಗಿಯನ್ನು ಹಾಗೇ ಬಾಚಿ ತಬ್ಬಿಕೊಂಡಳು. ಆಮೇಲೆ ಆಡಿದ ದನಿ ಅವಳದೇ ಅನ್ನಿಸದಷ್ಟು ಸಣ್ಣಗಿತ್ತು.

“ಇನ್ಮೇಲೆ ನಾನು ಸುಮ್ಮನಾದ್ರೆ ಗಂಟಲು ಕಟ್ಟಿದೆ ಅನ್ಕೋ. ಬೇರೆ ಏನೂ ಅನ್ಕೋಬೇಡ ಪುಟ್ಟಾ.”