ಹುಣಸೆ ಮಂಡಿಯಲ್ಲಿ ಮೇಲೆದ್ದ ಆರು ಕೈಗಳು

ಗೆಳತಿಯರೇ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿದೆ. ಇವತ್ತು ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹಿಂದೂಪುರದ ಹುಣಸೆ ಮಂಡಿಗೆ ಹೋಗಿದ್ದೆ. ವರ್ಷಕ್ಕಾಗುವಷ್ಟು ಗೊಜ್ಜಿಗೆ ಹಣ್ಣು ಬೇಕಿತ್ತು. ನನಗೋ ಮುಟ್ಟಿನ ಎರಡನೇ ದಿನ. ದಾರಿಯುದ್ದಕ್ಕೂ ನನ್ನ ಸೊಂಟ ಬಿಗಿಯಾಗಿ ಹಿಡಿದು ಬಂದ ಅತ್ತೆ, ನಾನು ಹಣ್ಣಿನ ರಾಶಿಗೆ ಕೈ ಚಾಚಿದ್ದೇ ತಡ, ಕೂಗಿಬಿಟ್ಟರು: "ಮುಟ್‌ಬ್ಯಾಡ ಕಣಮ್ಮ! ಹೊರಗಾದೋರು ಮುಟ್ಟಿದ್ರೆ ಗೊಜ್ಜಿಗೆ ಬೂಷ್ಟು ಬತ್ತದೆ!"

ಮಂಡಿಗೆ ಮಂಡಿಯೇ ತಿರುಗಿ ನೋಡಿತು. ರಾಶಿಯ ಸುತ್ತ ಹೆಂಗಸರು ಕೂತು ಸುತ್ತಿಗೆಯಲ್ಲಿ ಕುಟ್ಟಿ ಬೀಜ ಬಿಡಿಸುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು ಸುತ್ತಿಗೆ ಕೆಳಗಿಟ್ಟು, "ಏಮ್ಮಾ, ಚೇತುಲೆತ್ತಂಡಿ! ಇವತ್ತು ಹೊರಗಾಗಿರೋರೆಲ್ಲ ಕೈ ಎತ್ರಮ್ಮ" ಅಂದಳು.

ಹುಣಸೆ ಮೆತ್ತಿದ ಆರು ಕೈಗಳು ಮೇಲೆದ್ದವು.

"ನಾವು ತಿಂಗ್ಳಿಗೆ ಮೂರ್ ದಿನ ಮನೇಲಿ ಕುಂತ್ಕಂಡ್ರೆ ನಿಮ್ಗೆ ಹಣ್ಣು ಬಿಡ್ಸಿಕೊಡೋರ್ಯಾರಕ್ಕ?" ಎಂದು ಆ ಹಿರಿಯಳು ಅತ್ತೆಯನ್ನು ಕೇಳಿದಳು.

ಅತ್ತೆ ಅಷ್ಟರಲ್ಲಾಗಲೇ ರುಚಿ ನೋಡಲು ಒಂದು ಹಣ್ಣು ಬಾಯಿಗೆ ಹಾಕಿಕೊಂಡಿದ್ದರು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆ ಆರು ಕೈಗಳೋ ಕೆಳಗಿಳಿಯುತ್ತಲೇ ಇಲ್ಲ. ಕೊನೆಗೆ ನುಂಗಿಯೇಬಿಟ್ಟರು.

"ಹಣ್ಣೇನೋ ಚೆನ್ನಾಗೈತೆ. ಐದು ಕೆಜಿ ಕೊಡು."

ಗೆದ್ದೆನೆಂದು ಕುಣಿಯುತ್ತಲೇ ಮನೆಗೆ ಬಂದೆ. ಅತ್ತೆ ಚೀಲವನ್ನು ತಂದು ನನ್ನ ಮುಂದೆ ಇಟ್ಟರು. "ನೆನೆಸಿ ಕಿವುಚಮ್ಮ. ಇನ್ನು ಬೂಷ್ಟು ಬರಾಕಿಲ್ಲ" ಎಂದವರೇ ಫ್ಯಾನಿನ ಕೆಳಗೆ ಮಲಗಿಬಿಟ್ಟರು.

ತಿಂಗಳಿಗೆ ಮೂರು ದಿನ ಸಿಗುತ್ತಿದ್ದ ನನ್ನ ಅಡುಗೆಮನೆಯ ರಜೆಯೂ ಆ ಶಾಸ್ತ್ರದ ಜೊತೆಗೇ ಹೋಯಿತೆಂದು ಹೊಳೆದದ್ದು, ಮೊಣಕೈವರೆಗೆ ಹುಣಸೆ ಮೆತ್ತಿಕೊಂಡ ಮೇಲೆ.